ಹನ್ನೊಂದು ಭಾಷೆಯಲ್ಲಿ ಬಾ

ನನಗೆ ಹನ್ನೊಂದು ಭಾಷೆಯಲ್ಲಿ 'ಬಾ' ಗೊತ್ತು. ಹನ್ನೊಂದು ಭಾಷೆ ಗೊತ್ತು ಅಂತ ತಪ್ಪು ತಿಳಿಯಬೇಡಿ. ಆ ಒಂದಕ್ಷರ ಮಾತ್ರ ಗೊತ್ತು, ಅದಕ್ಕೇ ಇಷ್ಟು ಜಂಬ. ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತೆರಡು ವರ್ಷ ನಟ್ಟು, ಬೋಲ್ಟು, ವಾಷರ್ ಡಬ್ಬಗಳಿಗೆ ಚೀಟಿ ಅಂಟಿಸಿದವನು ನಾನು. ಯಾವ ಕಪಾಟಿನ ಯಾವ ಖಾನೆಯಲ್ಲಿ ಏನಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ ಮನೆಯ ಸಾರಿನ ಪುಡಿ, ಹುಳಿಪುಡಿ ಡಬ್ಬಗಳಿಗೂ ಚೀಟಿ ಅಂಟಿಸಿದೆ. ಹೆಂಡತಿ ಅವನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿ ಕಿತ್ತು ಬಿಸಾಕಿದಳು. "ನನ್ನ ಅಡುಗೆಮನೆ ನಿಮ್ಮ ಸ್ಟೋರ್ಸ್ ಅಲ್ಲ ಕಣ್ರೀ" ಅಂದಳು. ಅಲ್ಲಿಂದ ನಾನು ಪದಗಳ ಮೇಲೆ ಬಿದ್ದೆ.

ಶುರುವಾದದ್ದು ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ, ಅದೂ ಜಗಳದಿಂದ. ಸಗಟು ಅಂಗಡಿಯೊಂದಕ್ಕೆ ತೊಗರಿಬೇಳೆ ತರಲು ಹೋಗಿದ್ದೆ. ಅಂಗಡಿಯವನು ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಮೆಟ್ಟಿಲು ಹತ್ತುತ್ತಿದ್ದ ಹಾಗೇ ನನ್ನ ಕಡೆ ನೋಡಿಕೊಂಡು "ಬಾ, ಬಾ" ಅಂದ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಏನ್ರೀ, ತಲೆ ಬೆಳ್ಳಗಾಗಿರೋದು ಕಾಣ್ಸಲ್ವಾ? ಬನ್ನಿ ಅಂದ್ರೆ ನಾಲಿಗೆ ಸವೆದು ಹೋಗುತ್ತಾ?" ಅಂತ ಹಮಾಲರೆಲ್ಲ ಮೂಟೆ ಇಳಿಸಿ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವನು ಕೈ ಮುಗಿದು ನನ್ನ ಬೆನ್ನ ಹಿಂದೆ ತೋರಿಸಿದ. ಅಲ್ಲಿ ಬಿಳಿ ಸೀರೆಯ ಒಬ್ಬ ಅಜ್ಜಿ ಕೋಲೂರಿಕೊಂಡು ಬರುತ್ತಿದ್ದರು. "ಸಾರ್, ಅವರು ನಮ್ ತಾಯಿ. ಗುಜರಾತಿಯಲ್ಲಿ ತಾಯೀನ ಬಾ ಅಂತೀವಿ" ಅಂದ. ಅಜ್ಜಿಗೆ ವಿಷಯ ಗೊತ್ತಾಗಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ನನಗೆ ಹಪ್ಪಳದಂಥ ಗರಿಗರಿ ರೊಟ್ಟಿ, ಎರಡು ಖಾಕ್ರಾ ಕೊಟ್ಟು ಕಳಿಸಿದರು. ಬೇಳೆ ಮರೆತು ಖಾಕ್ರಾ ಹಿಡಿದುಕೊಂಡು ಮನೆಗೆ ಬಂದೆ.

ಅವತ್ತೇ ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ 'ಬಾ' ಅಂತ ದಪ್ಪಗೆ ಬರೆದೆ. ನಮ್ಮಲ್ಲಿ ಹತ್ತಿರ ಕರೆಯೋದು. ಗುಜರಾತಿಯಲ್ಲಿ ತಾಯಿ. ಇನ್ನೆಲ್ಲಿ ಏನೇನಿದೆಯೋ ಅಂತ ತಲೆಯಲ್ಲಿ ಹುಳ ಹೊಕ್ಕಿತು.

ಯಲಹಂಕದ ನಮ್ಮ ಬೀದಿಯಲ್ಲಿ ಎದುರು ಅಪಾರ್ಟ್‌ಮೆಂಟಿನ ಗೇಟಿಗೆ ಬಿಹಾರದ ಕಡೆಯ ಒಬ್ಬ ವಾಚ್‌ಮನ್ ಇದ್ದಾನೆ. ಅವನು ಊರಿಗೆ ಫೋನ್ ಮಾಡಿದಾಗೆಲ್ಲ "ಸಬ್ ಠೀಕ್ ಬಾ, ಸಬ್ ಠೀಕ್ ಬಾ" ಅನ್ನೋದು ಕೇಳಿಸುತ್ತಿತ್ತು. ಹೋಗಿ ವಿಚಾರಿಸಿದೆ. ಭೋಜಪುರಿಯಲ್ಲಿ ಬಾ ಅಂದರೆ 'ಇದೆ'. ಎಲ್ಲ ಚೆನ್ನಾಗಿದೆ ಅಂತ ಹೆಂಡತಿಗೆ ಹೇಳುತ್ತಿದ್ದನಂತೆ. ಕೊಡೆಯಿಲ್ಲದೆ ಮಳೆಯಲ್ಲಿ ನಿಂತುಕೊಂಡು ಹೇಳುತ್ತಿದ್ದ, ಅದು ಬೇರೆ ಮಾತು. ನಮ್ಮ ಮಹಡಿ ಮನೆಯಲ್ಲಿ ನರ್ಸಿಂಗ್ ಓದಲು ನೈಜೀರಿಯಾದಿಂದ ಬಂದ ಹೆಣ್ಣುಮಗಳು ಬಾಡಿಗೆಗೆ ಇದ್ದಳು. ಅವಳ ಹೌಸಾ ಭಾಷೆಯಲ್ಲಿ ಬಾ ಅಂದರೆ 'ಅಲ್ಲ', 'ಇಲ್ಲ'. ಮಾತಿನ ಹಿಂದೊಂದು ಬಾ, ಮುಂದೊಂದು ಬಾ ಇಟ್ಟರೆ ನಡುವೆ ಇದ್ದದ್ದೆಲ್ಲ ಸುಳ್ಳು ಅಂತ ಅರ್ಥವಂತೆ. ಈ ವಿಷಯ ನನಗೆ ಬಹಳ ಹಿಡಿಸಿತು. ವಿಯೆಟ್ನಾಮಿನಲ್ಲಿ ಬಾ ಅಂದರೆ ಮೂರು, ಚೀನಾದಲ್ಲಿ ಎಂಟು, ರಾಗ ಬದಲಾಯಿಸಿದರೆ ಅಪ್ಪ. ಇವನ್ನು ಫೋನ್ ಹೇಳಿತು, ನಾನು ನಂಬಿ ಬರೆದುಕೊಂಡೆ. ನೆಂಟರಲ್ಲ, ಇಷ್ಟರಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಹೋದವರಲ್ಲ. ಆದರೂ ಎಲ್ಲರ ಬಾಯಲ್ಲೂ ಇದೊಂದೇ ಸದ್ದು ಕೂತಿದೆ ಅನ್ನೋದು ನನಗೆ ಆಗ ಪ್ರಪಂಚದ ದೊಡ್ಡ ಸೋಜಿಗವಾಗಿತ್ತು.

ಪಾರ್ಕಿನ ಹಿರಿಯರ ಸಂಘದವರು ರಾಜ್ಯೋತ್ಸವಕ್ಕೆ ಏನಾದರೂ ಮಾತಾಡಿ ಅಂದರು. ಅವರು ಐದು ನಿಮಿಷ ಅಂದಿದ್ದರು. ನಾನು ಮುಕ್ಕಾಲು ಗಂಟೆ ಬಾ ಬಗ್ಗೆ ಮಾತಾಡಿದೆ. ವಿಯೆಟ್ನಾಮಿಗೆ ಬರುವ ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ನಿದ್ದೆ ಮಾಡಿದ್ದರು, ಹಿಂದಿನ ಸಾಲಿನವರು ವಾಕಿಂಗ್‌ಗೆ ಎದ್ದಿದ್ದರು. ಒಬ್ಬ ಅಮ್ಮ ಕೈ ಎತ್ತಿದರು. ಪ್ರಶ್ನೆ ಬಂತಲ್ಲ ಅಂತ ಹಿಗ್ಗಿದೆ. "ಕಾಫಿಗೆ ಯಾವಾಗ ಬಾ ಅಂತೀರಿ?" ಅಂತ ಕೇಳಿದರು. ಮನೆಗೆ ಬರುತ್ತಾ ಹೆಂಡತಿ ಅಂದಳು, "ಮುಕ್ಕಾಲು ಗಂಟೆ ಬಾ ಬಾ ಬಾ ಅಂತ ಕರೆದ್ರಿ. ಇದ್ದೋರೂ ಎದ್ದು ಹೋದ್ರು."

ಆ ವಾರವೇ ಮಗಳ ಮದುವೆ ನಿಶ್ಚಯವಾಯಿತು. ಕಾರ್ಡು ಅಚ್ಚಾಗಿ ಬಂತು. ಊಟದ ಮೇಜಿನ ಮೇಲೆ ಕಟ್ಟು ಬಿಚ್ಚಿ ಯಾರ್ಯಾರನ್ನು ಕರೆಯಬೇಕು ಅಂತ ಪಟ್ಟಿ ಮಾಡುತ್ತಿದ್ದಾಗ ಮಗಳು ನನ್ನ ನೋಟ್‌ಬುಕ್ ಎತ್ತಿ ನನ್ನ ಮುಂದಿಟ್ಟಳು.

"ಅಪ್ಪಾ, ಹನ್ನೊಂದು ಭಾಷೇಲಿ ಬಾ ಗೊತ್ತಲ್ಲ ನಿಂಗೆ. ಅತ್ತೇನ ಯಾವ ಭಾಷೇಲಿ ಕರೀತೀಯ?"

ನಾನು ಕನ್ನಡಕ ಒರೆಸಿಕೊಂಡೆ. ಅವಳು ಬಿಡಲಿಲ್ಲ. "ಅತ್ತೆ ಕೈ ಬೀಳದೆ ನಾನು ಅರಿಶಿನಕ್ಕೆ ಕೂರಲ್ಲ. ಈಗಲೇ ಹೇಳಿದೀನಿ" ಅಂದಳು.

ನಮ್ಮ ಕಡೆ ಮದುವೆಯ ಹಿಂದಿನ ದಿನ ಹುಡುಗಿಗೆ ಅರಿಶಿನ ಹಚ್ಚುವಾಗ ಮೊದಲ ಕೈ ಸೋದರತ್ತೆಯದು. ಸೋದರತ್ತೆ ಅಂದರೆ ನನ್ನ ಅಕ್ಕ, ಇರುವ ಒಬ್ಬಳೇ ಅಕ್ಕ. ನಾಗಸಂದ್ರದಲ್ಲಿ ಒಂದು ಸಣ್ಣ ಮನೆಯಲ್ಲಿ ಇದ್ದಾಳೆ, ಸೀರೆಗಳಿಗೆ ಫಾಲ್ ಹೊಲಿದು ಅಂಗಡಿಗೆ ಕೊಡುತ್ತಾಳೆ. ಯಲಹಂಕದಲ್ಲಿ ನಾವು ಕಟ್ಟಿದ ಮನೆಗೆ ನಾಲ್ಕು ವರ್ಷವಾಯಿತು. ಆ ಮನೆಯ ಹೊಸಿಲು ಹೇಗಿದೆ ಅಂತ ಅಕ್ಕ ಇನ್ನೂ ನೋಡಿಲ್ಲ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು ನಾವು. ಅಮ್ಮನಿಗೆ ಸದಾ ಕಾಯಿಲೆ, ಅಪ್ಪನಿಗೆ ಸದಾ ಡ್ಯೂಟಿ. ನನಗೆ ಅನ್ನ ಕಲಸಿದ್ದು, ತಲೆಗೆ ಎಣ್ಣೆ ಒತ್ತಿದ್ದು, ಮಗ್ಗಿ ಬರದಿದ್ದಾಗ ಬೆನ್ನಿಗೆ ಬಾರಿಸಿದ್ದು ಎಲ್ಲ ಅವಳೇ. ಹೊತ್ತು ಮುಳುಗುವಾಗ ಕ್ವಾರ್ಟರ್ಸಿನ ಕೊನೇ ಮೆಟ್ಟಿಲ ಮೇಲೆ ನಿಂತು "ಬಾರೋ..." ಅಂತ ಕೂಗುತ್ತಿದ್ದಳು. ಗೂಡ್ಸ್ ಗಾಡಿ ಹೋಗುತ್ತಿದ್ದರೂ ಆ ಕೂಗು ನನಗೆ ಕೇಳಿಸುತ್ತಿತ್ತು. ಕೇಳಿಸಿಯೂ ಇನ್ನೊಂದು ಆಟ ಆಡುತ್ತಿದ್ದೆ. ಅವಳು ಊಟ ಮಾಡದೆ ಕಾಯುತ್ತಿದ್ದಳು.

ಇನ್ನು ಅಕ್ಕ ಯಾಕೆ ಬರಲಿಲ್ಲ ಅನ್ನೋ ಕಥೆ. ನಾಲ್ಕು ವರ್ಷ ಎಲ್ಲರಿಗೂ ಹೇಗೆ ಹೇಳಿಕೊಂಡು ಬಂದೆನೋ ಹಾಗೇ ಮೊದಲು ಹೇಳುತ್ತೇನೆ. ನಮ್ಮ ಗೃಹಪ್ರವೇಶದ ಸಮಯ. ಭಾವ, ಅಂದರೆ ಅಕ್ಕನ ಗಂಡ, ತೀರಿಕೊಂಡು ಎಂಟು ತಿಂಗಳಾಗಿತ್ತು. ಕಾರ್ಡ್ ಕೊಡಲು ನಾನೊಬ್ಬನೇ ನಾಗಸಂದ್ರಕ್ಕೆ ಹೋದೆ. ನನ್ನ ಗ್ರಹಚಾರಕ್ಕೆ ಮನೆಗೆ ಬೀಗ. ಸ್ವಲ್ಪ ಹೊತ್ತು ನೋಡಿದೆ, ಬರಲಿಲ್ಲ. ಕೆಲಸ ಬೇಕಾದಷ್ಟಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಕಾರ್ಡು ತೂರಿಸಿ ಬಂದೆ, ಸಂಜೆ ಫೋನಿನಲ್ಲಿ ಹೇಳಿದೆ. ಅಷ್ಟಕ್ಕೇ ಅಕ್ಕ ಮುನಿಸಿಕೊಂಡಳು. ಇಷ್ಟು ಹೇಳಿ, "ವಯಸ್ಸಾದ ಮೇಲೆ ಎಲ್ಲರಿಗೂ ಸಣ್ಣಸಣ್ಣದೂ ದೊಡ್ಡದಾಗುತ್ತೆ ನೋಡಿ" ಅಂತ ನಾನು ನಿಟ್ಟುಸಿರು ಬಿಟ್ಟರೆ ಕೇಳಿದವರೆಲ್ಲ ಅಯ್ಯೋ ಪಾಪ ಅನ್ನುತ್ತಿದ್ದರು. ಪಾಪ ಅಂದದ್ದು ನನ್ನನ್ನು.

ನಮ್ಮಲ್ಲಿ ಕರೆಯೋದು ಅಂದರೆ ಕಾರ್ಡು ಕೊಡೋದಲ್ಲ, ಇದು ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ಜೊತೆಯಾಗಿ ಹೋಗಬೇಕು. ಹೆಂಡತಿ ಆ ಮನೆಯ ಹೆಂಗಸಿನ ಹಣೆಗೆ ಕುಂಕುಮ ಇಡಬೇಕು. ಆಮೇಲೆ ಮುಖ ನೋಡಿ, ಬಾಯಿ ಬಿಟ್ಟು "ಬರಬೇಕು" ಅನ್ನಬೇಕು. ಅಷ್ಟು ಮಾಡದಿದ್ದರೆ ಕಾರ್ಡಿಗೆ ಬಂಗಾರದ ಅಂಚಿದ್ದರೂ ಅದು ಬರೀ ಕಾಗದ. ಫೋನಿನಲ್ಲಿ ನಾನು "ಕಾರ್ಡ್ ಸಿಕ್ತಾ ಅಕ್ಕ?" ಅಂದಾಗ ಅವಳು ಹೇಳಿದ್ದು ಒಂದೇ ಮಾತು. "ಸೊಳ್ಳೆ ಪರದೆಯವನ ಕರಪತ್ರದ ಜೊತೆ ಸಿಕ್ತು ಕಣಪ್ಪಾ. ಒಳ್ಳೇದಾಗ್ಲಿ." ಹುಟ್ಟಿದಾಗಿನಿಂದ ನನಗೆ 'ಕಣೋ' ಅನ್ನುತ್ತಿದ್ದವಳು ಅವತ್ತು 'ಕಣಪ್ಪಾ' ಅಂದಳು. ಆಮೇಲೆ ಹಬ್ಬಕ್ಕೊಂದು ಫೋನು, ಹುಷಾರಾಗಿದ್ದೀಯಾ, ಹುಷಾರಾಗಿದ್ದೀನಿ, ಇಷ್ಟೇ ಉಳಿಯಿತು.

ಈಗ ಮಗಳು ಪಟ್ಟು ಹಿಡಿದಳು. ನಾನು ಮುಂದೆ ಮುಂದೆ ಹಾಕಿದೆ. ಆರ್.ಟಿ. ನಗರದ ನೆಂಟರನ್ನು ಕರೆದು ಬಂದೆವು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡು ಬೀಗರ ಬೀಗರನ್ನೂ ಕರೆದು ಬಂದೆವು. ನನ್ನ ಹಳೇ ಕ್ಯಾಂಟೀನ್ ಮೇಸ್ತ್ರಿಯನ್ನೂ ಬಿಡಲಿಲ್ಲ. ನಾಗಸಂದ್ರ ಅಂದ ಕೂಡಲೇ ನನಗೆ ಮಂಡಿ ನೋಯುತ್ತಿತ್ತು, ಇಲ್ಲವೇ ರಾಹುಕಾಲ ಬರುತ್ತಿತ್ತು. ರಾಹುಕಾಲವನ್ನು ನಾನು ಅಷ್ಟು ಭಕ್ತಿಯಿಂದ ಯಾವತ್ತೂ ನೋಡಿದವನಲ್ಲ. ಮನೆಯಲ್ಲಿ ಕೂತು ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಮಾತ್ರ ಚೆನ್ನಾಗಿ ತಯಾರು ಮಾಡಿದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದೇ ಇಟ್ಟೆ. ಗುಜರಾತಿಯ ತಾಯಿಯಿಂದ ಶುರುಮಾಡಿ, ನೀನೇ ನನಗೆ ಬಾ, ಅಂತ ಮುಗಿಯುವ ಭಾಷಣ. ಓದಿಕೊಂಡರೆ ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು. ನಾಚಿಕೆಯಿಲ್ಲದ ಕಣ್ಣು.

ಒಂದು ದಿನ ಊಟ ಮುಗಿಸಿ ಹೆಂಡತಿ ಉಳಿದ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚುತ್ತಾ ಕೂತಿದ್ದಳು. ನಾನು ದಿಂಬು ಹುಡುಕುತ್ತಿದ್ದೆ.

"ಏಳಿ, ಇವತ್ತೇ ಅಕ್ಕನ ಮನೆಗೆ ಹೋಗಿ ಕರೆದು ಬರೋಣ" ಅಂದಳು.

"ಇವತ್ತು ಬೇಡ" ಅಂದೆ. "ಇವತ್ತು ಗುರುವಾರ. ಗುರುವಾರ ಮಧ್ಯಾಹ್ನ ಅಕ್ಕ ಮನೇಲಿರಲ್ಲ. ಫಾಲ್ ಹೊಲಿದ ಸೀರೆ ಕೊಡೋಕೆ ಯಶವಂತಪುರದ ಅಂಗಡಿಗೆ ಹೋಗ್ತಾಳೆ. ಹದಿನೈದು ವರ್ಷದಿಂದ ಹೋಗ್ತಾಳಲ್ಲ, ನಿನಗೆ ಗೊತ್ತಿಲ್ವಾ?"

ಹೆಂಡತಿಯ ಅರಿಶಿನದ ಬೆರಳು ಕಾರ್ಡಿನ ಮೇಲೆ ಹಾಗೇ ನಿಂತಿತು. "ನನಗೆ ಗೊತ್ತಿರಲಿಲ್ಲ" ಅಂದಳು ಮೆಲ್ಲಗೆ. "ಗೃಹಪ್ರವೇಶದ ಕಾರ್ಡ್ ಕೊಡೋಕೆ ನೀವೊಬ್ಬರೇ ಹೋದ್ರಲ್ಲ, ಅವತ್ತು ನಾನು ಮಠಕ್ಕೆ ಹೋಗಿದ್ದೆ. ಆಗೆಲ್ಲ ನಾನು ಮಠಕ್ಕೆ ಹೋಗ್ತಿದ್ದದ್ದು ಗುರುವಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಯಾರೂ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿಯನ್ನೇ ತಂದು ಹೆಂಡತಿಯ ಮುಂದೆ ಇಟ್ಟಿದ್ದೆ.

"ಗೊತ್ತಿದ್ದೇ ಹೋದ್ರಾ?" ಅಂದಳು.

ಹೌದು. ಗೊತ್ತಿದ್ದೇ ಹೋದೆ. ಬೀಗ ಇರುತ್ತೆ ಅಂತ ಗೊತ್ತಿತ್ತು, ಬೀಗ ಇರಲಿ ಅಂತಲೇ ಹೋದೆ. ಭಾವ ಹೋಗಿ ಎಂಟು ತಿಂಗಳು. ಕುಂಕುಮದ ಬಟ್ಟಲು ಹಿಡಿದುಕೊಂಡು ಅಕ್ಕನ ಮುಂದೆ ನಿಂತರೆ ಏನು ಮಾಡೋದು? ಇಟ್ಟರೆ ನಾಲ್ಕು ಜನ ಏನನ್ನುತ್ತಾರೆ? ಇಡದೆ ಬರೀ ಕಾರ್ಡು ಕೊಟ್ಟರೆ ಅಕ್ಕನ ಮುಖ ಹೇಗೆ ನೋಡೋದು? ನನ್ನ ಕಡೆಯ ಹಿರಿಯರೊಬ್ಬರು ಬೇರೆ, "ಹೊಸ ಮನೆ, ಹೋಮ ಹವನ, ಅವಳಿಗಿನ್ನೂ ವರ್ಷ ತುಂಬಿಲ್ಲ, ನೋಡ್ಕೊಳ್ಳಪ್ಪ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದರು. ನಾನು ನೋಡಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಬೀಗ ಹಾಕಿದ ಬಾಗಿಲಿಗೆ ಕಾರ್ಡು ತೂರಿಸಿ ಕರೆದ ಶಾಸ್ತ್ರ ಮುಗಿಸಿದೆ. ಇದನ್ನೂ ಹೇಳಿಬಿಡುತ್ತೇನೆ: ಅಕ್ಕ ಬರದಿದ್ದರೇ ವಾಸಿ ಅಂತ ಆಗ ಮನಸ್ಸಿನ ಒಂದು ಮೂಲೆಯಲ್ಲಿ ಅಂದುಕೊಂಡಿದ್ದೆ. ನನಗೆ ಅನ್ನ ಕಲಸಿದ ಕೈ ಅದು. ಹಾಗೆ ಅಂದುಕೊಂಡವನು ನಾನು.

ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಎದ್ದು ಕೈ ತೊಳೆದು, ಸೀರೆ ಬದಲಾಯಿಸಿ, ಬೆಳ್ಳಿ ಕುಂಕುಮದ ಬಟ್ಟಲು ತಟ್ಟೆಯಲ್ಲಿಟ್ಟುಕೊಂಡು ಬಂದಳು. "ಇವತ್ತೇ ಹೋಗೋಣ. ಬೀಗ ಇದ್ರೆ ಇರ್ಲಿ. ಅಕ್ಕ ಬರೋವರೆಗೂ ಮೆಟ್ಟಿಲ ಮೇಲೆ ಕೂತಿರೋಣ" ಅಂದಳು.

ಆಟೋ ಹತ್ತಿದೆವು. ಆಟೋದವರು ಜಾಲಹಳ್ಳಿ ದಾಟುವ ತನಕ ಮನೆಯವರ ಹತ್ತಿರ ಫೋನಿನಲ್ಲಿ ದಖ್ಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. "ನಕ್ಕೋ ಬಾ, ನಕ್ಕೋ ಬಾ" ಅಂತ ಎರಡು ಸಲ ಅಂದರು. ಬೇಡ ಮಾರಾಯ, ಅನ್ನುವ ಹಾಗೆ ಅದು. ಬೇರೆ ದಿನವಾಗಿದ್ದರೆ ಆಟೋ ನಿಲ್ಲಿಸಿ, ಆ ಬಾ ಎಲ್ಲಿಂದ ಬಂತು, ಯಾರಿಗೆ ಅನ್ನುತ್ತೀರಿ, ಯಾರಿಗೆ ಅನ್ನಲ್ಲ ಅಂತ ಅವರ ಪ್ರಾಣ ತಿನ್ನುತ್ತಿದ್ದೆ. ನೋಟ್‌ಬುಕ್ ಅಂಗಿಯ ಒಳಗೇ ಇತ್ತು. ತೆಗೆಯಲಿಲ್ಲ. ಹೆಂಡತಿ ಓರೆಗಣ್ಣಲ್ಲಿ ನೋಡಿ, "ಹನ್ನೆರಡನೇದು ಬಿಟ್ರಲ್ಲ" ಅಂದಳು.

ಅಕ್ಕನ ಮನೆಗೆ ಬೀಗ ಇತ್ತು. ಇಲ್ಲದೆ ಎಲ್ಲಿ ಹೋಗುತ್ತೆ, ಗುರುವಾರ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಎರಡೂವರೆ ಗಂಟೆಯ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. ನಾನು ಬಾಗಿಲಿಗೆ ಒರಗಿಕೊಳ್ಳೋಣ ಅಂತ ತಿರುಗಿದೆ. ಆಗ ಕಣ್ಣಿಗೆ ಬಿತ್ತು. ಬಾಗಿಲ ಕೆಳಗಿನ ಸಂದಿ ಇರಲಿಲ್ಲ. ಒಂದು ಮರದ ಪಟ್ಟಿಯನ್ನು ಉದ್ದಕ್ಕೂ ಇಟ್ಟು ಮೊಳೆ ಹೊಡೆಸಿ ಮುಚ್ಚಿದ್ದರು. ಪಟ್ಟಿ ಮಾಸಿತ್ತು, ಮೊಳೆಗೆ ತುಕ್ಕು ಹಿಡಿದಿತ್ತು. ಹಾಕಿಸಿ ಮೂರು ನಾಲ್ಕು ವರ್ಷ ಆಗಿರಬೇಕು. ಸ್ಟೋರ್ಸಿನಲ್ಲಿದ್ದವನು ನಾನು, ತುಕ್ಕಿನ ವಯಸ್ಸು ನನಗೆ ತಿಳಿಯುತ್ತದೆ. ಮೊಳೆಗಳನ್ನು ಎಣಿಸಿದೆ, ಒಂಬತ್ತು ಇದ್ದವು. ಒಂದು ಕಾಗದ ಒಳಗೆ ಬರದಿರಲು ಒಂಬತ್ತು ಮೊಳೆ ಬೇಕಾಗಿರಲಿಲ್ಲ.

ಪಕ್ಕದ ಮನೆಯಾಕೆ ಎರಡು ಸಲ ಹೊರಗೆ ಬಂದು ನೋಡಿದರು. "ಯಾರು ಬೇಕಾಗಿತ್ತು?" ಅಂದರು. ಹೆಂಡತಿ, "ಇವರು ತಮ್ಮ" ಅಂದಳು. "ಓ, ತಮ್ಮ ಇದ್ದಾರಾ ಅವರಿಗೆ!" ಅಂತ ಅವರು ಕಣ್ಣರಳಿಸಿದರು. ನೀರು ತಂದುಕೊಟ್ಟರು. ನಾನು ಗಟಗಟ ಕುಡಿದೆ.

ನಾಲ್ಕೂವರೆಗೆ ನನಗೆ ನಿಜವಾಗಿ ಮಂಡಿ ನೋಯತೊಡಗಿತು. ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಸರಿಯಾಗಿ ಆಯಿತು ಅಂತ ಹೆಂಡತಿ ಅಂದಳು. ಐದೂಕಾಲಿಗೆ ಅಕ್ಕ ಮೆಟ್ರೋ ಇಳಿದು ಬೀದಿಯ ತಿರುವಿನಲ್ಲಿ ಬಂದಳು. ಎರಡು ಕೈಯಲ್ಲೂ ಸೀರೆ ತುಂಬಿದ ಬಟ್ಟೆಯ ಚೀಲ. ಕೊಟ್ಟು ಬರುವಾಗ ಹೊಸದು ತರುತ್ತಾಳೆ. ಮೊದಲಿಗಿಂತ ಕುಗ್ಗಿದ್ದಳು, ಹೆಜ್ಜೆ ಮಾತ್ರ ಅದೇ ಬಿರುಸು. ನಮ್ಮನ್ನು ನೋಡಿ ನಿಂತಳು. ಮೊದಲು ನನ್ನ ಹೆಂಡತಿಯನ್ನು ನೋಡಿದಳು, ಆಮೇಲೆ ತಟ್ಟೆಯನ್ನು, ಕೊನೆಗೆ ನನ್ನನ್ನು.

"ಇವತ್ತು ಗುರುವಾರ" ಅಂದಳು.

"ಗೊತ್ತು" ಅಂದೆ. ಅಲ್ಲಿಗೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಬಾಯಿ ನಿಲ್ಲಲಿಲ್ಲ. "ಅವತ್ತೂ ಗೊತ್ತಿತ್ತು ಅಕ್ಕ."

ಅವಳು ನನ್ನನ್ನು ದಾಟಿಕೊಂಡು ಹೋಗಿ ಬೀಗ ತೆಗೆದಳು, ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ. ಕರೆಯದ ಮನೆಯ ಹೊಸಿಲು ದಾಟುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಒಳಗೆ ನಲ್ಲಿಯ ಸದ್ದು, ಚೀಲ ಮಂಚದ ಮೇಲೆ ಇಟ್ಟ ಸದ್ದು ಕೇಳಿಸಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಹೊಸಿಲ ಆ ಕಡೆ ನಿಂತಳು.

"ಹೇಳಪ್ಪಾ, ಏನು ಬಂದದ್ದು?"

ನಾನು ಅಂಗಿಯ ಒಳಗೆ ಕೈ ಹಾಕಿದೆ. ನೋಟ್‌ಬುಕ್ಕಿನ ಕೊನೇ ಪುಟ, ಗುಜರಾತಿಯ ತಾಯಿ, ಅಷ್ಟು ಚೆಂದದ ಭಾಷಣ. ಕೈ ಹಾಗೇ ವಾಪಸು ಬಂತು. ಹೆಂಡತಿ ನನಗಾಗಿ ಕಾಯಲಿಲ್ಲ. ಬಟ್ಟಲಿಗೆ ಬೆರಳದ್ದಿ, ಹೊಸಿಲ ಈಚೆಯಿಂದಲೇ ಕೈ ಚಾಚಿ ಅಕ್ಕನ ಹಣೆಯ ಹತ್ತಿರ ತಂದಳು. ಅಕ್ಕ ತಲೆ ಹಿಂದಕ್ಕೆ ತೆಗೆದಳು.

"ಏನ್ ಮಾಡ್ತಿದ್ದೀಯಮ್ಮ?"

"ಮದುವೆಗೆ ಕರೆಯೋಕೆ ಬಂದಿದ್ದೀವಿ ಅಕ್ಕ. ಎಲ್ಲರನ್ನೂ ಹೇಗೆ ಕರೆದ್ವೋ ಹಾಗೇ."

ಅಕ್ಕ ಅವಳ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ತಲೆ ಮುಂದಕ್ಕೆ ತಂದಳು. ಹೆಂಡತಿ ಕುಂಕುಮ ಇಟ್ಟಳು. ಒಂದಿಷ್ಟು ಮೂಗಿನ ಮೇಲೂ ಉದುರಿತು. ಅಕ್ಕ ಅದನ್ನು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

"ಅವತ್ತು ಕುಂಕುಮ ಇಡ್ತಿದ್ರೋ ಬಿಡ್ತಿದ್ರೋ, ನನಗೆ ಅದರ ಯೋಚನೆ ಇರ್ಲಿಲ್ಲ ಕಣೋ. ಎಂಟು ತಿಂಗಳಾಗಿತ್ತು ನಿಮ್ ಭಾವ ಹೋಗಿ. ಈ ಬಾಗಿಲು ತಟ್ಟೋರು ಯಾರೂ ಇರ್ಲಿಲ್ಲ. ನೀನು ತಟ್ಟಿದ್ರೆ ಸಾಕಾಗಿತ್ತು. ಬರಬೇಡ ಅಂತ ಹೇಳೋಕಾದ್ರೂ ನೀನು ಬರಬಹುದಾಗಿತ್ತಲ್ಲೋ."

ಬೀದಿಯಲ್ಲಿ ನಿಂತು ಅರವತ್ತೆರಡು ವರ್ಷದ ಗಂಡಸು ಅಳಬಾರದು ಅಂತ ಮೇಲೆ ನೋಡಿದೆ. ಮೇಲೆ ಕೇಬಲ್ ವೈರು ಬಿಟ್ಟರೆ ಬೇರೇನೂ ಇರಲಿಲ್ಲ.

"ತಪ್ಪಾಯ್ತು" ಅಂದೆ. ಆಮೇಲೆ ಅಂದೆ, "ಅಕ್ಕ, ಬಾ."

"ಎಲ್ಲಿಗೆ?"

"ಮನೆಗೆ. ಅರಿಶಿನಕ್ಕೆ. ಮೊದಲ ಕೈ ನಿಂದೇ."

"ಜನ ಏನಂತಾರೆ ಗೊತ್ತಾ?"

"ಅಂದ್ಕೊಳ್ಳಲಿ ಬಿಡು."

"ಅಬ್ಬಬ್ಬಾ! ಯಾರಪ್ಪ ಇದು ಹೇಳ್ತಿರೋದು? ಜನಕ್ಕೆ ಹೆದರಿ ಬಾಗಿಲ ಸಂದೀಲಿ ನುಸುಳಿದೋನು." ಅವಳ ಬಾಯಿಯ ಒಂದು ಕೊನೆ ನಗುವಿಗೆ ತಿರುಗಿತು. ಇನ್ನೊಂದು ಕೊನೆ ಅಳುವ ಕಡೆಗೇ ಇತ್ತು. ನನ್ನ ಹೆಂಡತಿಗೆ ಹೇಳಿದಳು, "ನೋಡಮ್ಮ, ಪ್ಯಾಕೆಟ್ ಅರಿಶಿನ ತಂದ್ರೆ ನಾನು ಕೈ ಹಾಕಲ್ಲ. ಕೊಂಬು ತರಿಸು. ಹಿಂದಿನ ದಿನವೇ ಬಂದು ನಾನೇ ಅರೆದು ಇಡ್ತೀನಿ. ಒರಳು ಇದೆಯೋ ಇಲ್ವೋ ನಿಮ್ಮ ಹೊಸ ಮನೇಲಿ?"

ಒರಳು ಇಲ್ಲ ಅಂತ ಹೆಂಡತಿ ಒಪ್ಪಿಕೊಂಡಳು. ನಾಲ್ಕು ವರ್ಷದಿಂದ ಎಲ್ಲ ಮಿಕ್ಸಿಯಲ್ಲೇ. "ಸರಿ, ನನ್ನದೇ ಹೊತ್ಕೊಂಡು ಹೋಗಿ. ಹೊರೋಕೆ ಇವನಿದ್ದಾನಲ್ಲ" ಅಂತ ಅಕ್ಕ ಅಡುಗೆಮನೆಯ ಕಡೆ ಹೊರಟಳು. ಹೆಂಡತಿ ತಟ್ಟೆ ನನ್ನ ಕೈಗಿಟ್ಟು ಅವಳ ಹಿಂದೆಯೇ ಹೊಸಿಲು ದಾಟಿದಳು, ಕೇಳಲೂ ಇಲ್ಲ. ನಾನೊಬ್ಬ ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಉಳಿದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಒಳಗೆ ಪಾತ್ರೆ ಸದ್ದಾಯಿತು, ಕಾಫಿಪುಡಿಯ ವಾಸನೆ ಬಂತು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡುತ್ತಲೇ ಇದ್ದರು.

ಒಳಗಿಂದ ಕೂಗು ಬಂತು. ಗೂಡ್ಸ್ ಗಾಡಿಯ ಸದ್ದಿನಲ್ಲೂ ಕೇಳಿಸುತ್ತಿದ್ದ ಕೂಗು.

"ಇನ್ನೂ ಯಾಕೆ ಅಲ್ಲೇ ನಿಂತಿದ್ದೀಯ? ಬಾರೋ!"

ಚಪ್ಪಲಿ ಬಿಡಲು ಬಗ್ಗಿದವನು ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ. ಯಾಕೆ ಅಷ್ಟು ಹೊತ್ತು ಮಾಡಿದ್ರಿ ಅಂತ ಹೆಂಡತಿ ಆಮೇಲೆ ಕೇಳಿದಳು. ಬಕಲ್ ಸಿಕ್ಕಿಹಾಕಿಕೊಂಡಿತ್ತು ಅಂದೆ. ಅವಳು ನನ್ನ ಕಾಲು ನೋಡಿದಳು. ನನ್ನದು ಹವಾಯಿ ಚಪ್ಪಲಿ, ಅದಕ್ಕೆ ಬಕಲ್ ಇಲ್ಲ.